ಜ್ವರದೂಟದ ಪರಾತ

ನೀಲಗಂಗಾ ಹಂಚಿನಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಹುಬ್ಬಳ್ಳಿಯ ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೋ ಪುಣ್ಯಾತ್ಮರು ಆ ದಿನ ಬೆಳಿಗ್ಗೆ ಅವಳ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ, ಮುಂದೆ ಒಂದು ತೆಂಗಿನಕಾಯಿ ಇಟ್ಟಿದ್ದರು. ರಾಜ್ಯದ ಎಲ್ಲ ತಾಲ್ಲೂಕಿಗೂ ಯಂತ್ರ ಮುಟ್ಟಿತೆಂಬ ಸಂಭ್ರಮ ಅದು.

"ತಗೀರಿ ಅದನ್ನ," ಅಂದಳು ನೀಲಗಂಗಾ, ಚೀಲ ಇಳಿಸುವ ಮೊದಲೇ. "ಇದೇನ್ ದೇವ್ರಾ? ರಕ್ತ ನೋಡೂ ಪೆಟ್ಟಿಗಿ. ನಾಳೆ ಇದಕ್ಕ ಹರಕಿ ಹೊರ್ತೀರೇನ?"

ಹುಡುಗಿಯೊಬ್ಬಳು ಹಾರ ತೆಗೆದಳು. ಕಾಯಿ ಹಾಗೇ ಉಳಿಯಿತು. ಹರಕೆ ಹೊರುವುದೇನು ಬಂತು, ಜನ ಅದನ್ನೂ ಮೀರಿ ಹೋಗಿ ಆಗಿತ್ತು. ಅದೇ ಅವಳ ಹೊಟ್ಟೆಯ ಉರಿ.

ಆ ಪೆಟ್ಟಿಗೆಯ ಹೆಸರು ಸ್ಮೃತಿಮಾಪಕ. ಜನರ ಬಾಯಲ್ಲಿ ನೆನಪಿನ ಪೆಟ್ಟಿಗೆ. ಮಗುವಿನ ಬೆರಳಿನಿಂದ ಒಂದು ಹನಿ ರಕ್ತ, ಮೂಗಿನಿಂದ ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ತೇವ, ಇಷ್ಟು ಕೊಟ್ಟರೆ ಸಾಕು. ಆ ಪುಟ್ಟ ಮೈ ಈವರೆಗೆ ಯಾವ ಯಾವ ಫ್ಲೂ ವೈರಸ್ಸನ್ನು ಕಂಡಿದೆ, ಕಂಡದ್ದನ್ನು ಎಷ್ಟು ನೆನಪಿಟ್ಟುಕೊಂಡಿದೆ, ಆ ನೆನಪು ಜ್ವರ ಬಿದ್ದು ಬಂದದ್ದೋ ಲಸಿಕೆಯಿಂದ ಬಂದದ್ದೋ ಎಂಬುದನ್ನೆಲ್ಲ ಅದು ಹೇಳುತ್ತದೆ. ಲಸಿಕೆ ಹಾಕಿಸಿಕೊಂಡ ಮಗುವಿನ ರಕ್ತದಲ್ಲಿ ಆ ವರ್ಷದ ವೈರಸ್ಸಿನ ಹೊರಮೈಯನ್ನು ಗುರುತು ಹಿಡಿಯುವ ಪ್ರತಿಕಾಯಗಳು ಧಾರಾಳವಾಗಿರುತ್ತವೆ. ಜ್ವರ ಬಿದ್ದೆದ್ದ ಮಗುವಿಗೆ ಅದರ ಜೊತೆ ಮೂಗು ಗಂಟಲಲ್ಲೂ ಕಾವಲು ಕೂತಿರುತ್ತದೆ. ವೈರಸ್ಸಿನ ಒಳಭಾಗಗಳನ್ನು ಬಲ್ಲ ಜೀವಕೋಶಗಳೂ ಇರುತ್ತವೆ. ಅಂಥ ನೆನಪು ತುಸು ಅಗಲ. ನೀಲಗಂಗಾ ಕಂಡುಹಿಡಿದು ಬರೆದದ್ದು ಇಷ್ಟೇ. ಮಿಕ್ಕದ್ದನ್ನೆಲ್ಲ ಊರೇ ಕಂಡುಹಿಡಿಯಿತು.

ಮೊದಲು ಪತ್ರಿಕೆಗಳು ಬರೆದವು: ಜ್ವರ ಬಿದ್ದ ಮಕ್ಕಳೇ ಗಟ್ಟಿ. ಆಮೇಲೆ ಪ್ರಯೋಗಾಲಯದ ನಿರ್ದೇಶಕ ವಾದಿರಾಜ ಕಟ್ಟಿಯವರು, ಮಂದಿಗೆ ಹತ್ತಾರು ಗೆರೆಗಳ ಚಿತ್ರ ತಿಳಿಯುವುದಿಲ್ಲವೆಂದು, ಇಡೀ ನೆನಪನ್ನು ಅರೆದು ಹಿಂಡಿ ಒಂದೇ ಅಂಕಿ ಮಾಡಿಸಿದರು. ನೆನಪು ಅಗಲವಾದಷ್ಟೂ ಏರುವ ಆ ಅಂಕಿಗೆ ಬಲಾಂಕ ಎಂದು ಹೆಸರಿಟ್ಟರು. ಹಿಂದೊಂದು ವರ್ಷ ಫ್ಲೂ ಬಡಿದು ತಿಂಗಳುಗಟ್ಟಲೆ ಬಾಗಿಲು ಹಾಕಿದ್ದ ಶಾಲೆಗಳು ಈ ಅಂಕಿಯನ್ನು ಬಾಚಿ ತಬ್ಬಿಕೊಂಡವು. ಬಲಾಂಕ ಹೆಚ್ಚಿದ್ದ ಮಗುವಿಗೆ ಮೊದಲ ಸೀಟು, ಉಳಿದವರು ಬಾಗಿಲ ಹೊರಗೆ. ಸರಿ, ಇನ್ನೇನು ಬೇಕು? ತಂದೆ ತಾಯಿಗಳು ಲಸಿಕೆ ಬಿಟ್ಟರು. ಜ್ವರದ ಬೆನ್ನು ಹತ್ತಿದರು.

ಹಾಗೆ ಹುಟ್ಟಿದ್ದು ಜ್ವರದೂಟ. ಓಣಿಯಲ್ಲಿ ಯಾವ ಮಗುವಿಗೆ ಮೊದಲು ಫ್ಲೂ ಬಂತೋ ಆ ಮಗುವನ್ನು ಮಣೆಯ ಮೇಲೆ ಕೂರಿಸಿ, ಹಾರ ಹಾಕಿ, ಎದುರಿಗೆ ಹರಿವಾಣದಂಥ ದೊಡ್ಡ ಪರಾತದ ತುಂಬ ಅನ್ನ ಕಲಸಿ ಇಡುವುದು. ಜ್ವರದ ಮಗು ಮೊದಲ ತುತ್ತು ತಾನು ಉಣ್ಣಬೇಕು. ಆಮೇಲೆ ಅದೇ ಕೈಯಿಂದ ಉಳಿದ ಮಕ್ಕಳಿಗೆಲ್ಲ ಒಂದೊಂದು ತುತ್ತು. ಎಂಜಲು ಅಂದರೆ ಮಾರು ದೂರ ಹಾರುತ್ತಿದ್ದ ಜನ, ಇನ್ನೊಬ್ಬರ ಲೋಟವನ್ನು ಮೂರು ಸಲ ತೊಳೆದರೂ ಮೂಸಿ ನೋಡುತ್ತಿದ್ದ ಜನ, ಈಗ ಸಾಲುಗಟ್ಟಿ ನಿಂತು ತಮ್ಮ ಮಕ್ಕಳ ಬಾಯಿಗೆ ಎಂಜಲು ಬೇಡುತ್ತಿದ್ದರು. ಥೂ! ಏನೆಂದು ಬಯ್ಯುವುದು ಇಂಥವರನ್ನು?

ನೀಲಗಂಗಾ ಮದುವೆಯಾಗಿರಲಿಲ್ಲ. ತಮ್ಮ ಬಸವಂತನ ಮನೆಯ ಮೇಲಿನ ಕೋಣೆ ಅವಳದು. ತಮ್ಮನ ಮಗಳು ಭೈರವಿ, ಒಂದನೆಯ ತರಗತಿಗೆ ಸೇರಬೇಕಾದ ಹುಡುಗಿ, ಅವಳ ಜೀವ. ಆ ಹುಡುಗಿಗೆ ಹುಟ್ಟಿದಾಗಿನಿಂದ ದಮ್ಮು. ಚಳಿ ಬಂತೆಂದರೆ ಎದೆಯೊಳಗೆ ಸೀಟಿ ಊದಿದ ಸದ್ದು. ಅದಕ್ಕೇ ವರ್ಷ ತಪ್ಪದಂತೆ ನೀಲಗಂಗಾ ತಾನೇ ಕರೆದೊಯ್ದು ಫ್ಲೂ ಲಸಿಕೆ ಹಾಕಿಸುತ್ತಿದ್ದಳು. ಹಾರ ತೆಗೆಸಿದ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ, ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ರೇಖಾ ರೊಟ್ಟಿಯನ್ನಲ್ಲ, ಹಿಟ್ಟಿನ ಮೇಲೆ ಸಿಟ್ಟನ್ನೇ ಬಡಿಯುತ್ತಿದ್ದಳು.

"ಮೂವತ್ತೊಂದು!" ಅಂದಳು ರೇಖಾ. "ನಮ್ಮ ಭೈರವಿದು ಮೂವತ್ತೊಂದು ಬಂದೈತ್ರಿ ಅಕ್ಕಾರ. ನೀವು ಚುಚ್ಚಿಸಿದ ಸೂಜಿಯಿಂದಾನ ಹಿಂಗಾತು ನೋಡ್ರಿ. ದೊಡ್ಡ ಸಾಲ್ಯಾಗ ಅರವತ್ತು ಕೇಳ್ತಾರ. ಓಣ್ಯಾಗ ತಲಿ ಎತ್ತಿ ಅಡ್ಡಾಡಾಕ ಆಗವಲ್ದು ನನಗ."

"ಆ ಅಂಕಿಗೆ ಬೆಂಕಿ ಹಚ್ಚ," ಅಂದಳು ನೀಲಗಂಗಾ. "ಅಕಿ ಮೈಯಾಗ ಈ ವರ್ಷದ ಫ್ಲೂ ತಡ್ಯಾಕ ಎಷ್ಟು ಬೇಕೋ ಅಷ್ಟೈತಿ. ನಾನ ನೋಡೀನಿ."

ಬಸವಂತ ತಾಟಿನ ಮುಂದೆ ಕೂತಿದ್ದ. ರೈಲ್ವೆ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್, ಮಾತು ಕಡಿಮೆ, ಅಕ್ಕನ ಮುಂದಂತೂ ಇನ್ನೂ ಕಡಿಮೆ. "ಅಕ್ಕಾ, ಜ್ವರ ಬಂದು ಹೋದ್ರ ನೆನಪು ಅಗಲ ಇರ್ತೈತಿ ಅಂತ ನೀನಾ ಬರ್ದೀಯಲ್ಲ. ಪೇಪರ್‌ನ್ಯಾಗ ನಿನ್ನ ಫೋಟೋ ಬಂದಿತ್ತು. ಫ್ರೇಮ್ ಹಾಕ್ಸಿ ಇಟ್ಟೀನಿ ನೋಡು," ಎಂದು ಗೋಡೆ ತೋರಿಸಿದ.

"ಫೋಟೋಕ್ಕ ಫ್ರೇಮ್ ಹಾಕ್ಸಿದಿ, ಬರದದ್ದು ಓದಿದೇನ? ಕೇಳಿಲ್ಲಿ. ಕಳ್ಳನ ಫೋಟೋ ತೋರ್ಸಿ, ಇಂವ ಬಂದ್ರ ಬಾಗಲಾ ತಗೀಬ್ಯಾಡ ಅಂತ ಹೇಳೂದು ಲಸಿಕೆ. ಕಳ್ಳನ್ನ ಮನಿಯೊಳಗ ಕರ್ದು, ಮಗಳ ಜೋಡಿ ಕುಸ್ತಿ ಹಚ್ಚೂದು ಜ್ವರ. ಕುಸ್ತಿ ಗೆದ್ದ ಹುಡುಗಿಗೆ ಅವನ ಗುರುತು ಇನ್ನೂ ಚೊಲೋ ಸಿಗತೈತಿ, ಖರೆ. ಸೋತ್ರ?"

"ಎಲ್ಲಾರೂ ಗೆಲ್ಲಾಕತ್ತಾರಲ್ರಿ," ಅಂದಳು ರೇಖಾ. "ಹಿಂದಿನ ಓಣಿ ಹುಡುಗ್ರು ಎಲ್ಲಾರದ್ದೂ ಎಪ್ಪತ್ತು, ಎಂಬತ್ತು."

"ಗೆದ್ದವರ ಅಷ್ಟ ಪೆಟ್ಟಿಗಿ ಮುಂದ ಬಂದು ಬೆರಳು ಚಾಚ್ತಾರ, ರೇಖಾ. ಸೋತವು ಬರಂಗಿಲ್ಲ. ಬೆರಳು ಕೊಡಾಕ ಮೊದಲ ಜೀವ ಇರಬೇಕು. ಆ ಅಂಕಿಯೊಳಗ ಸತ್ತ ಹುಡುಗ್ರ ಲೆಕ್ಕಾನ ಇಲ್ಲ. ತಿಳೀತೇನ? ದಮ್ಮಿನ ಹುಡುಗೀನ ಒಯ್ದು ಎಂಜಲಾ ತಿನ್ನಿಸಿದ್ರ, ನಾ ಈ ಮನ್ಯಾಗ ಒಂದು ಕ್ಷಣ ಇರಂಗಿಲ್ಲ."

ರೇಖಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಬಸವಂತ ರೊಟ್ಟಿ ಮುರಿಯುತ್ತ, ಮುಖ ಎತ್ತದೆ, "ಆತು ತಗೋ ಅಕ್ಕಾ, ಹೋಗಂಗಿಲ್ಲ," ಎಂದ. ಮುಖ ಎತ್ತದೆ ಆಡಿದ ಮಾತನ್ನು ನಂಬಿದ್ದು ನೀಲಗಂಗಾಳ ದಡ್ಡತನ. ಆದರೆ ತಮ್ಮನ ಮಾತನ್ನು ನಂಬದೆ ಇನ್ಯಾರ ಮಾತು ನಂಬಬೇಕು?

ಹಿತ್ತಲಲ್ಲಿ ಕಸ್ತೂರಿ ಪಾತ್ರೆ ತಿಕ್ಕುತ್ತಿದ್ದಳು. ಓಣಿಯ ತುದಿಯ ತಗಡಿನ ಮನೆಯವಳು. ನಾಲ್ಕಾರು ಮನೆಗಳ ಮುಸುರೆ ತೊಳೆದು ಮಗ ಓಂಕಾರನನ್ನು ಸಾಕುತ್ತಿದ್ದಳು. ಈ ಮನೆಯಲ್ಲಿ ಅವಳ ಚಹಾದ ಲೋಟ ಬೇರೆ. ಅದು ಸದಾ ಹಿತ್ತಲ ಕಟ್ಟೆಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಆ ಲೋಟಕ್ಕಾಗಿ ನೀಲಗಂಗಾ ಎರಡು ಸಲ ರೇಖಾಳೊಡನೆ ಜಗಳ ತೆಗೆದು, ಎರಡು ಸಲವೂ ಸೋತು ಸುಮ್ಮನಾಗಿದ್ದಳು. "ಓಂಕಾರ ಹೆಂಗದಾನ ಕಸ್ತೂರಿ?" ಎಂದು ಕೇಳಿದರೆ ಕಸ್ತೂರಿ ತಲೆ ತಗ್ಗಿಸಿ, "ಚೊಲೋ ಅದಾನ್ರಿ," ಎಂದು ರೇಖಾಳ ಕಡೆ ನೋಡಿದಳು. ಆ ನೋಟ ಏನೆಂದು ನೀಲಗಂಗಾಗೆ ಆಗ ಹೊಳೆಯಲಿಲ್ಲ.

ಫ್ಲೂ ಪ್ರತಿ ವರ್ಷ ವೇಷ ಬದಲಿಸುತ್ತದೆ. ಲಸಿಕೆ ಬದಲಾದಂತೆ ಪೆಟ್ಟಿಗೆಗೂ ಹೊಸ ವೇಷದ ಗುರುತು ಕಲಿಸಬೇಕು, ಇಲ್ಲವಾದರೆ ಅದು ಕುರುಡು. ಈ ವಾರ್ಷಿಕ ಪಾಠವನ್ನು ಬರೆಯುವವಳು ನೀಲಗಂಗಾ. ಅವಳ ಕೋಣೆಯಿಂದ ಹೊರಟ ಪಾಠ ಅದೇ ದಿನ ರಾಜ್ಯದ ಎಲ್ಲ ಪೆಟ್ಟಿಗೆಗಳನ್ನೂ ಮುಟ್ಟುತ್ತದೆ. ಆ ವರ್ಷದ ಪಾಠ ಅರ್ಧ ಆಗಿತ್ತು. ಅದನ್ನು ಮುಂದಿಟ್ಟುಕೊಂಡೇ ಅವಳು ಮರುದಿನ ಕಟ್ಟಿಯವರ ಕೋಣೆಗೆ ನುಗ್ಗಿದಳು.

"ಈ ಸಲ ಅಂಕಿ ತಗದು ಹಾಕ್ತೀನ್ರೀ ಸರ್. ಇಲ್ಲಾಂದ್ರ ಅಂಕಿ ಪಕ್ಕದಾಗ ಜ್ವರದಾಗ ಹೋದ ಮಕ್ಕಳ ಲೆಕ್ಕಾನೂ ಬರಬೇಕು."

ಕಟ್ಟಿ ಕನ್ನಡಕ ಒರೆಸಿದರು. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ. ನೀಲಗಂಗಾಗೆ ಅದನ್ನು ಕಂಡರೇ ಇನ್ನಷ್ಟು ಉರಿ. "ಡಾಕ್ಟರ್, ಹಂಗೆಲ್ಲ ಮಾಡ್ಲಿಕ್ಕೆ ಬರೋದಿಲ್ಲ. ಸಾಲಿಯವರು ಅಂಕಿ ನೆಚ್ಚಿ ಕೂತಾರ. ಜ್ವರದೂಟ ನಾವು ಮಾಡ್ಸಿದ್ದಲ್ಲ. ಮಂದಿ ತಪ್ಪು ತಿಳ್ಕೊಂಡ್ರ ನಾವೇನು ಮಾಡೋಣ? ಯಂತ್ರ ಅಂತೂ ಸುಳ್ಳು ಹೇಳ್ಲಿಕ್ಹತ್ತಿಲ್ಲ ಅಲ್ಲ?"

"ಸುಳ್ಳು ಹೇಳವಲ್ದು. ಅರ್ಧಾ ಖರೇ ಹೇಳಾಕತ್ತೈತಿ. ಅದು ಸುಳ್ಳಿಗಿಂತ ಕೆಟ್ಟದ್ರೀ."

"ಸತ್ತ ಮಕ್ಕಳ ಲೆಕ್ಕ ಎಲ್ಲಿಂದ ತರ್ತೀರಿ? ಆ ಮನಿಯವರು ಫ್ಲೂ ಅಂತ ಹೇಳೋದೇ ಇಲ್ಲ. ನಿಮೋನಿಯಾ ಅಂತಾರ, ಹೃದಯದ್ದು ಅಂತಾರ, ನಶೀಬ ಅಂತಾರ." ಕಟ್ಟಿ ಕನ್ನಡಕ ಏರಿಸಿಕೊಂಡರು. "ಮುಂದಿನ ವರ್ಷ ನೋಡೋಣಂತ ತಗೋರಿ."

ಮುಂದಿನ ವರ್ಷವಂತೆ! ಆ ಮಾತಿಗೆ ತಕ್ಕ ಉತ್ತರ ಅವಳ ಬಾಯಿಗೆ ಬರುತ್ತಿತ್ತು, ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ರೇಖಾಳ ಫೋನು. ಆದರೆ ಮಾತಾಡಿದ್ದು ಭೈರವಿ, ತಾಯಿಗೆ ಗೊತ್ತಿಲ್ಲದಂತೆ, ಪಿಸುಗುಟ್ಟುತ್ತ, ಖುಷಿಯಲ್ಲಿ.

"ಅತ್ತೀ, ನಾವು ಓಂಕಾರನ ಮನಿಗೆ ಊಟಕ್ಕ ಬಂದೀವಿ. ಎಲ್ಲಾರೂ ಒಂದ ಪರಾತದಾಗ ಉಣ್ಣೂದಂತ! ಓಂಕಾರಗ ಹಾರ ಹಾಕ್ಯಾರ. ನೀನೂ ಬಾ ಅತ್ತೀ. ಅವ್ವಗ ಹೇಳಬ್ಯಾಡ ಮತ್ತ."

ನೀಲಗಂಗಾ ಕಟ್ಟಿಯವರ ಕೋಣೆಯ ಬಾಗಿಲು ತೆರೆದದ್ದು ಗೊತ್ತು, ಮುಚ್ಚಿದ್ದು ಗೊತ್ತಿಲ್ಲ. ಆಟೋದವನಿಗೆ ದಾರಿಯುದ್ದಕ್ಕೂ ಬೈದಳು. ಪಾಪ, ಅವನ ತಪ್ಪೇನೂ ಇರಲಿಲ್ಲ.

ತಗಡಿನ ಮನೆಯ ಮುಂದೆ ಚಪ್ಪಲಿಗಳ ರಾಶಿ. ಎಂಥೆಂಥವರ ಚಪ್ಪಲಿಗಳು! ಆ ಹೊಸ್ತಿಲ ಕಡೆ ಎಂದೂ ತಲೆ ಹಾಕದವರು, ಆ ಮನೆಯ ನೀರು ಮುಟ್ಟದವರು, ಕಸ್ತೂರಿಯ ಪಗಾರವನ್ನು ಕೈಗೆ ಕೈ ತಾಗದಂತೆ ಮೇಲಿನಿಂದ ಉದುರಿಸುವವರು, ಎಲ್ಲರೂ ಬಂದಿದ್ದರು. ಒಳಗೆ ಜರತಾರಿ ಸೀರೆಗಳ ಸರಬರ. ಕಸ್ತೂರಿ ಹೊಸ ಕುಪ್ಪಸ ತೊಟ್ಟು, ಇಷ್ಟು ದೊಡ್ಡ ಮಂದಿಯನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ, ಹೆಮ್ಮೆಯಿಂದಲೂ ದಿಗಿಲಿನಿಂದಲೂ ಬೆವರುತ್ತಿದ್ದಳು. ನಡುವೆ ನೆಲದ ಮೇಲೆ ದೊಡ್ಡ ಹಿತ್ತಾಳೆಯ ಪರಾತ. ಅಷ್ಟು ದೊಡ್ಡದು ಕಸ್ತೂರಿಯ ಮನೆಯಲ್ಲಿ ಎಲ್ಲಿಂದ ಬರಬೇಕು? ಅಂಚಿನಲ್ಲಿ ನೀಲಗಂಗಾಳ ತಾಯಿಯ ಹೆಸರು ಕೊರೆದಿತ್ತು. ರೇಖಾಳೇ ಹೊತ್ತು ತಂದದ್ದು.

ಮಕ್ಕಳು ಸುತ್ತ ಕೂತು ಒಂದೇ ಪೀಪಿಯನ್ನು ಬಾಯಿಂದ ಬಾಯಿಗೆ ದಾಟಿಸಿ ಊದುತ್ತಿದ್ದರು. ಬಸವಂತ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಭೈರವಿಯ ಗಲ್ಲಕ್ಕೆ ಅನ್ನದ ಅಗುಳು ಅಂಟಿತ್ತು. ಅಂದರೆ ತುತ್ತು ಆಗಲೇ ಒಳಗೆ ಹೋಗಿತ್ತು.

"ಬಸವಂತಾ!" ನೀಲಗಂಗಾ ಕೂಗಿದ ಕೂಗಿಗೆ ಪೀಪಿ ನಿಂತಿತು. "ಮುಖ ಎತ್ತಿ ಮಾತಾಡ ಈಗ! ನಾಚಿಗಿ ಬರಂಗಿಲ್ಲ ನಿನಗ? ಹೆತ್ತ ಮಗಳನ್ನ..."

"ಅಕ್ಕಾರ, ಮಂದಿ ಮುಂದ..." ರೇಖಾ ಸೆರಗು ಬಾಯಿಗೆ ಒತ್ತಿಕೊಂಡಳು.

"ಮಂದಿಗೇನ ಬೆಂಕಿ ಬಿತ್ತು! ಎಲ್ಲಾರೂ ಕೇಳ್ರಿ..." ಎಂದವಳ ಮಾತು ಅಲ್ಲೇ ನಿಂತಿತು. ಅವಳ ಕಣ್ಣು ಮಣೆಯ ಮೇಲೆ ಬಿದ್ದಿತ್ತು.

ಓಂಕಾರ ಕೊರಳಲ್ಲಿ ಚೆಂಡುಹೂವಿನ ಹಾರ ಹೊತ್ತು, ಗೋಡೆಗೆ ಒರಗಿಸಿದ ದಿಂಬಿಗೆ ಆತುಕೊಂಡು ಕೂತಿದ್ದ. ಕೂತಿದ್ದ ಅನ್ನುವುದೂ ಸುಳ್ಳು. ಪಕ್ಕದಿಂದ ಯಾರದೋ ಕೈ ಅವನನ್ನು ಬೀಳದಂತೆ ಹಿಡಿದಿತ್ತು. ಅವನ ಮೂಗಿನ ಹೊಳ್ಳೆಗಳು ಪಟಪಟ ಅರಳುತ್ತಿದ್ದವು, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೇದುತ್ತಿತ್ತು, ತುಟಿಗೆ ನೀಲಿ ಬಣ್ಣ ಏರಿತ್ತು. ಅಷ್ಟು ಜನ ದೊಡ್ಡವರು ಆ ಕೋಣೆಯಲ್ಲಿದ್ದರು. ಪ್ರತಿಯೊಬ್ಬರೂ ತಮ್ಮ ಮಗುವಿನ ಬಾಯಿ ನೋಡುತ್ತಿದ್ದರು. ತುತ್ತು ಕೊಡುವ ಹುಡುಗನ ಮುಖವನ್ನು ಒಬ್ಬರು, ಒಬ್ಬರಾದರೂ, ನೋಡಿರಲಿಲ್ಲ.

"ಯಾವಾಗಿಂದ ಜ್ವರ ಇವಗ?"

"ಮೊನ್ನಿಂದ್ರಿ," ಅಂದಳು ಕಸ್ತೂರಿ.

"ಔಷಧ?"

ಕಸ್ತೂರಿ ರೇಖಾಳನ್ನು ನೋಡಿದಳು. ಅದೇ ನೋಟ. "ಊಟ ಆಗೂತನ ಕೊಡಬ್ಯಾಡ ಅಂದ್ರು. ಗುಳಿಗಿ ಕೊಟ್ರ ಜ್ವರದ ಜೋರು ಹೋಗ್ತೈತಂತ. ಮಕ್ಕಳಿಗೆ ಬಲ ಹತ್ತಂಗಿಲ್ಲಂತ. ಊಟಾ ಕೊಟ್ಟ ಹುಡುಗಗ ದೊಡ್ಡ ಸಾಲ್ಯಾಗ ಪುಕ್ಕಟೆ ಸೀಟ್ ಕೊಡ್ತಾರಂತ..."

ಯಾರು ಅಂದದ್ದೆಂದು ನೀಲಗಂಗಾ ಕೇಳಲಿಲ್ಲ. ಹಾರ ಕಿತ್ತೆಸೆದು ಹುಡುಗನನ್ನು ಎತ್ತಿಕೊಂಡಳು. ಮೈ ಕಾದ ಹಂಚು. "ಗಾಡಿ ತಗೀ ಬಸವಂತಾ," ಎಂದಳು. ಈಗ ಅವಳ ದನಿ ಇಳಿದಿತ್ತು. ಅಕ್ಕನ ಕೂಗಿಗಿಂತ ಆ ದನಿಗೇ ಬಸವಂತ ಹೆದರಿ ಓಡಿದ. ಕಸ್ತೂರಿ ಬರಿಗಾಲಲ್ಲಿ ಹಿಂದೆ ಬಂದು ಕಾರು ಹತ್ತಿದಳು. ಅವಳು ಆ ಕಾರಿನಲ್ಲಿ ಕೂತದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಎಲ್ಲವನ್ನೂ ಮಾಡಿದರು. ಆಮ್ಲಜನಕ ಕೊಟ್ಟರು, ಕೊಳವೆ ಇಳಿಸಿದರು, ವೈರಸ್ಸಿಗೆ ಕೊಡುವ ಔಷಧವನ್ನೂ ಕೊಟ್ಟರು. ಎರಡು ದಿನ ಮೊದಲೇ ಬಂದಿದ್ದರೆ ಆ ಔಷಧಕ್ಕೆ ಕೆಲಸವಿತ್ತು. ಎರಡೂ ಶ್ವಾಸಕೋಶಗಳಲ್ಲಿ ನೀರು ತುಂಬಿತ್ತು. ಮರುದಿನ ಹೊತ್ತು ಏರುವ ಮೊದಲೇ ಓಂಕಾರ ಹೋಗಿಬಿಟ್ಟ. ಸಾವಿನ ಕಾರಣ ನಿಮೋನಿಯಾ ಎಂದು ಬರೆದರು. ಸುಳ್ಳೇನಲ್ಲ. ಅರ್ಧ ಖರೆ.

ಆಮೇಲೆ ಭೈರವಿ ಸೀನಿದಳು.

ಮನೆ ಬಿಟ್ಟು ಹೋಗುತ್ತೇನೆಂದಿದ್ದ ನೀಲಗಂಗಾ ಎಲ್ಲಿಗೂ ಹೋಗದೆ ಹುಡುಗಿಯ ಹಾಸಿಗೆಯ ಪಕ್ಕ ಕೂತಳು. ಎದೆಗೆ ಕಿವಿ ಇಟ್ಟು ಸೀಟಿಯ ಸದ್ದಿಗೆ ಕಾದಳು. ಮೈ ಬಿಸಿಯಾಯಿತು, ಮೂಗು ಸುರಿಯಿತು, ಸೀಟಿ ಕೇಳಿತು, ದಮ್ಮಿನ ಪಂಪು ಒತ್ತಿದಳು, ಸೀಟಿ ಇಳಿಯಿತು. ಮೂರನೆಯ ದಿನ ಹುಡುಗಿ ಎದ್ದು ಕೂತು, "ಅತ್ತೀ, ಶೇಂಗಾ ಉಂಡಿ ಕೊಡು," ಅಂದಳು. ಲಸಿಕೆ ತನ್ನ ಕೆಲಸ ಮಾಡಿತ್ತು. ಕಳ್ಳ ಬಂದಿದ್ದ, ಫೋಟೋ ನೋಡಿಕೊಂಡಿದ್ದ ಮೈ ಅವನನ್ನು ಪಡಸಾಲೆಯಲ್ಲೇ ಹಿಡಿದು ಕೆಡವಿತ್ತು. ನೀಲಗಂಗಾ ಸ್ನಾನದ ಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಅತ್ತಳು. ಅತ್ತದ್ದು ಭೈರವಿ ಉಳಿದದ್ದಕ್ಕೋ ಓಂಕಾರ ಹೋದದ್ದಕ್ಕೋ ಅವಳಿಗೇ ತಿಳಿಯಲಿಲ್ಲ.

ಆದರೆ ಊರಿಗೆ ಎಲ್ಲ ತಿಳಿದಿತ್ತು. ಕೆಲವು ವಾರ ಕಳೆದು ಭೈರವಿಯನ್ನು ಮತ್ತೆ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಎಪ್ಪತ್ತೆಂಟು! ಊಟ ಫಲಿಸಿತು ಅಂದರು. ದೊಡ್ಡ ಶಾಲೆಯಲ್ಲಿ ಸೀಟು ಸಿಕ್ಕಿತು. ಬಸವಂತ ಧಾರವಾಡ ಪೇಡೆ ತಂದ. ಸಂಜೆ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂಡಿದರು. ಅವರ ಮಕ್ಕಳೂ ಉಳಿದಿದ್ದರು, ಬಹಳಷ್ಟು ಮಕ್ಕಳು ಉಳಿಯುತ್ತಾರೆ, ಅದೇ ಅಲ್ಲವೇ ಇಂಥ ಜೂಜಿಗೆ ಜನ ಬೀಳುವುದು. ನೀಲಗಂಗಾ ಮೆಟ್ಟಿಲ ಮೇಲೆ ಕೂತು ಹಲ್ಲು ಕಚ್ಚಿ ನೋಡುತ್ತಿದ್ದಳು. "ಹುಡುಗಿ ಲಸಿಕಿಯಿಂದ ಉಳದೈತಿ," ಎಂದು ಅಷ್ಟು ಜನಕ್ಕೂ ಒಬ್ಬೊಬ್ಬರಿಗೇ ಹೇಳಿದ್ದಳು. "ಹೌದ್ ಹೌದು," ಎಂದು ತಲೆಯಾಡಿಸಿ ಅವರು ಪೇಡೆ ಬಾಯಿಗೆ ಹಾಕಿಕೊಂಡಿದ್ದರು.

ಅಷ್ಟರಲ್ಲಿ ಹಿತ್ತಲ ಬಾಗಿಲ ಹೊಸ್ತಿಲ ಬಳಿ ಕಸ್ತೂರಿ ಬಂದು ನಿಂತಳು. ಓಂಕಾರ ಹೋದ ಮೇಲೆ ಅವಳು ಯಾರ ಮನೆಯ ಕೆಲಸಕ್ಕೂ ಹೋಗಿರಲಿಲ್ಲ. ಎರಡೂ ಕೈಯಲ್ಲಿ ಪರಾತ ಹಿಡಿದಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳೆಂದು ಕಾಣುತ್ತದೆ, ಹಿತ್ತಾಳೆ ಹೊಸದರಂತೆ ಹೊಳೆಯುತ್ತಿತ್ತು.

"ನಿಮ್ಮ ಪರಾತ ನಮ್ಮ ಮನ್ಯಾಗ ಉಳದಿತ್ತು ರೇಖಕ್ಕ," ಅಂದಳು. "ಬೇಕಾಗಿತ್ತೋ ಏನೋ ನಿಮಗ. ಖಾಲಿ ಕೊಡಬಾರದಂತ ಒಂದು ಹಿಡಿ ಜ್ವಾಳ ಹಾಕೀನಿ."

ಎರವಲು ತಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು ಎಂದು ಆ ಊರಿನ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದು ಕೈಗೇ ಗೊತ್ತಿರುತ್ತದೆ. ಮಗನನ್ನು ಮಣ್ಣು ಮಾಡಿದ ಕೈಗೂ ಗೊತ್ತಿತ್ತು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದೂ ಹಾಗೆಯೇ ಕೈಗೆ ಗೊತ್ತಿರುವ ಮಾತು. ರೇಖಾ ಪರಾತ ಇಸಿದುಕೊಂಡು ಪಕ್ಕಕ್ಕಿಟ್ಟಳು, ಡಬ್ಬಿಗೆ ಕೈ ಹಾಕಿದಳು, ಒಂದು ಪೇಡೆ ತೆಗೆದು ಕಸ್ತೂರಿಯ ಅಂಗೈಯಲ್ಲಿ ಇಟ್ಟಳು. "ಭೈರವಿಗೆ ಸೀಟ್ ಸಿಕ್ತು ನೋಡ," ಎಂಬ ಮಾತೂ ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಅವಳಿಗೆ ಕೇಳಿಸಿತು. ಕೈ ಅಲ್ಲೇ ಗಾಳಿಯಲ್ಲಿ ನಿಂತಿತು.

ಮಾತಾಡಿದವಳು ಭೈರವಿ, ಪೇಡೆ ಮೆತ್ತಿದ ಬಾಯಿಂದ. ದೊಡ್ಡವರು ಅವಳಿಗೆ ಏನನ್ನೂ ಹೇಳಿರಲಿಲ್ಲ. ಓಂಕಾರ ಅಜ್ಜಿಯ ಊರಿಗೆ ಹೋಗಿದ್ದಾನೆಂದಷ್ಟೇ ಹೇಳಿದ್ದರು.

"ಕಸ್ತೂರವ್ವಾ, ನಂದು ಎಪ್ಪತ್ತೆಂಟು ಬಂತು. ಓಂಕಾರಂದು ಎಷ್ಟು ಬಂತು?"

ಕಸ್ತೂರಿ ಬಾಗಿ ಹುಡುಗಿಯ ಗಲ್ಲ ಮುಟ್ಟಿದಳು. "ಅವನ್ನ ಅಳೀಲಿಲ್ಲವ್ವಾ," ಅಂದಳು. ಪೇಡೆಯನ್ನು ಕಟ್ಟೆಯ ಮೇಲೆ, ಬೋರಲು ಬಿದ್ದ ತನ್ನ ಲೋಟದ ಪಕ್ಕ ಇಟ್ಟು, ಹಿತ್ತಲ ಬಾಗಿಲಿನಿಂದಲೇ ಹೊರಟುಹೋದಳು.

ರೇಖಾ ಅಡುಗೆಮನೆಗೆ ಓಡಿದಳು. ಒಳಗಿನಿಂದ ಅವಳು ಗಟ್ಟಿಯಾಗಿ ಅಳುವ ಸದ್ದು ಬಂತು. ನೀಲಗಂಗಾಗೆ ಕನಿಕರ ಬರಲಿಲ್ಲ. ಬರಬೇಕಿತ್ತೋ ಏನೋ, ಬರಲಿಲ್ಲ. ಮೆಟ್ಟಿಲಿಳಿದು ಬಂದು, ಜೋಳದ ಸಮೇತ ಆ ಪರಾತ ಎತ್ತಿ ಬಗಲಿಗೆ ಇಟ್ಟುಕೊಂಡು ಹೊರಟಳು. "ಎಲ್ಲಿಗಕ್ಕಾ?" ಎಂದು ಬಸವಂತ ಕೇಳಿದ. "ನಿನ್ನ ಮಗಳು ಕೇಳಿದ್ದಕ್ಕ ಉತ್ತರ ಹುಡುಕಾಕ," ಎಂದಳು.

ಮರುದಿನ ಶಾಲೆಗಳಲ್ಲಿ ಎರಡನೆಯ ಸುತ್ತಿನ ಸೀಟುಗಳು. ಊರೂರಿನಲ್ಲಿ ತಂದೆ ತಾಯಿಗಳು ಮಕ್ಕಳಿಗೆ ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ, ಪೆಟ್ಟಿಗೆಗಳ ಮುಂದೆ ಸಾಲು ನಿಂತರು. ಮೊದಲ ಮಗು ಬೆರಳು ಕೊಟ್ಟಿತು. ಪೆಟ್ಟಿಗೆ ಎಂದಿನಂತೆ ಗುನುಗಿತು. ತೆರೆಯ ಮೇಲೆ ಅಂಕಿ ಬರಲಿಲ್ಲ. ಒಂದು ಸಾಲು ಬಂತು: ಈ ವರ್ಷದ ಫ್ಲೂ ತಡೆಯುವ ನೆನಪು ಈ ಮಗುವಿಗೆ ಇದೆ. ಎರಡನೆಯ ಮಗುವಿಗೆ ಇನ್ನೊಂದು ಸಾಲು: ಇಲ್ಲ, ಲಸಿಕೆ ಹಾಕಿಸಿ. ಜ್ವರ ಬಿದ್ದ ಮಗುವಿಗೂ ಲಸಿಕೆಯ ಮಗುವಿಗೂ ಅದೇ ಅಕ್ಷರ, ಅದೇ ಬಣ್ಣ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಪೆಟ್ಟಿಗೆಗಳೂ ರಾತ್ರೋರಾತ್ರಿ ನೀಲಗಂಗಾಳ ಕೋಣೆಯಿಂದ ಹೊರಟ ಪಾಠದಲ್ಲಿ ಒಂದೇ ಮಾತು ಕಲಿತಿದ್ದವು.

ಹೊತ್ತು ನೆತ್ತಿಗೆ ಬರುವ ಮೊದಲೇ ವಾದಿರಾಜ ಕಟ್ಟಿಯವರು ಅವಳ ಕೋಣೆಗೆ ಬಂದರು. ಜೀವಮಾನದಲ್ಲಿ ಮೊದಲ ಸಲ ಅವರ ದನಿ ಏರಿತ್ತು.

"ಏನು ಮಾಡೀರಿ ಡಾಕ್ಟರ್! ಅಂಕಿ ಎಲ್ಲಿ ಹೋದ್ವು? ಸಾಲಿಯವರು, ಮಂತ್ರಿಗಳ ಕಚೇರಿಯವರು, ಎಲ್ಲಾರೂ ಫೋನ್ ಮಾಡ್ಲಿಕ್ಹತ್ತಾರ. ಮೊದಲಿನಂಗ ಮಾಡ್ರಿ ಈಗಿಂದೀಗ!"

"ಬರಂಗಿಲ್ರೀ ಸರ್. ಪೆಟ್ಟಿಗಿ ಅಂಕಿ ಎಣಸೂದ ಮರತಾವು. ತಿರುಗಿ ಕಲಸಾಕ ಹೊಸಾ ಪಾಠ ಬರೀಬೇಕು. ನಾ ಬರಿಯಂಗಿಲ್ಲ. ಬ್ಯಾರೆಯವರು ಬಂದು ಕಲಿತು ಬರಿಯೂದ್ರಾಗ ಈ ಸಲದ ಫ್ಲೂ ಮುಗದು ಹೋಗಿರ್ತೈತಿ. ಅಲ್ಲೀತನಾ ಯಾರೂ ಯಾರ ಎಂಜಲಾ ಬೇಡೂ ಕಾರಣ ಇಲ್ಲ."

"ನಿಮ್ಮ ಕೆಲಸ ಹೋಗ್ತದ."

"ಹೋಗ್ಲಿ."

"ಹುಚ್ಚು ಹಿಡದದೇನು ನಿಮಗ? ಇಷ್ಟು ದೊಡ್ಡ ಸಂಶೋಧನಾ, ಒಂದು ಹುಡುಗನ ಸಲುವಾಗಿ..."

ನೀಲಗಂಗಾ ಎದ್ದಳು. ಮೇಜಿನ ಕೆಳಗಿನಿಂದ ಪರಾತ ಎತ್ತಿ ಕಟ್ಟಿಯವರ ಮುಂದೆ ಇಟ್ಟಳು. ಹೊಳೆಯುವ ಹಿತ್ತಾಳೆಯ ನಡುವೆ ಒಂದು ಹಿಡಿ ಬಿಳಿ ಜೋಳ. ಮೇಜಿಗೆ ತಾಗಿದ ಅದುರಿಗೆ ಒಂದಿಷ್ಟು ಕಾಳು ಅಂಚಿನ ಕಡೆ ಉರುಳಿ ನಿಂತವು.

"ಆ ಹುಡುಗನ ಊಟದ ಪರಾತ ರೀ ಇದು. ನಮ್ಮ ಮನ್ಯಾಗಿಂದ ಹೋಗಿತ್ತು. ಮಗನ್ನ ಮಣ್ಣಾಗಿಟ್ಟು ಬಂದ ತಾಯಿ, ಖಾಲಿ ಕೊಡಬಾರದಂತ, ಒಂದು ಹಿಡಿ ಜ್ವಾಳ ಹಾಕಿ ತಿರುಗಿ ಕೊಟ್ಟಾಳ." ಅವಳ ದನಿಯಲ್ಲಿ ಕೂಗಿರಲಿಲ್ಲ. "ಈಗ ನಾವು ಅಕಿಗೆ ಕೊಡೂದೈತಿ. ಏನ್ ಹಾಕಿ ಕೊಡೂಣು? ಹೇಳ್ರಿ ಸರ್. ನೀವ ಹೇಳ್ರಿ."

ಕಟ್ಟಿ ಪರಾತ ನೋಡಿದರು. ಕನ್ನಡಕ ತೆಗೆದರು, ಒರೆಸಲಿಲ್ಲ. ಹೊರಗೆ ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು. ಅವರು ಕುರ್ಚಿ ಎಳೆದುಕೊಂಡು ಅವಳ ಎದುರು ಕೂತರು. ಅಂಚಿಗೆ ಉರುಳಿದ್ದ ಕಾಳುಗಳನ್ನು ಒಂದೊಂದಾಗಿ ನಡುವಿನ ಹಿಡಿಯ ಕಡೆಗೆ ಸರಿಸತೊಡಗಿದರು.